ಸಂಜೆಗೆ ಧಾರಣೆ ಬಂದ ವರ್ಷ

ಹೋದ ಸಲ ನಾನು ಹೇಳಿದ್ದನ್ನು ಕೇಳಿ “ಮುದುಕಗ ಅರಳು ಮರಳು ಹಿಡದೈತಿ, ಯಾವ ವರ್ಷದ್ದು ಯಾವ ವರ್ಷಕ್ಕ ಗಂಟು ಹಾಕ್ತಾನೋ” ಅಂದವರು ಯಾರು ಅಂತ ನನಗೆ ಗೊತ್ತಿದೆ. ಹೆಸರು ಹೇಳುವುದಿಲ್ಲ. ಹೆಂಡತಿ ಮಕ್ಕಳೂ ಕೇಳುತ್ತಿರುತ್ತಾರೆ, ಇರುವ ಒಂದಿಷ್ಟು ಮರ್ಯಾದೆ ಉಳಿದುಕೊಳ್ಳಲಿ. ನಿಮ್ಮ ಫೋನಿನೊಳಗೆ ಊರಿನವರ ನಂಬರೆಲ್ಲ ಇವೆಯಲ್ಲ, ನೋಡದೆ ನಿಮ್ಮ ಹೆಂಡತಿಯದ್ದೊಂದು ಹೇಳಿ ನೋಡೋಣ. ಆಗುವುದಿಲ್ಲ. ನಾನಾದರೆ ಸಿರುಗುಪ್ಪದ ಹಳೇ ಕಾಲುವೆಯ ಕೆಳಗೆ ಯಾರ ಮಡಿ ಯಾರ ಮಡಿಗೆ ತಾಗಿತ್ತು, ಯಾವ ಬದುವಿನ ಮೇಲೆ ನಿಂತು ಯಾರು ಯಾರಿಗೆ ಏನೆಂದು ಬೈದರು, ಎಲ್ಲ ಹೇಳಬಲ್ಲೆ. ಬೈಗುಳವನ್ನಂತೂ ಒಂದಕ್ಷರ ಬಿಡದೆ ಹೇಳಬಲ್ಲೆ. ಆದ್ದರಿಂದ ಬಾಯಿ ಮುಚ್ಚಿಕೊಂಡು ಕೇಳಿ.

ಆಗ ಬಳ್ಳಾರಿ ಇನ್ನೂ ಮದರಾಸಿನವರ ಕೈಯಲ್ಲಿತ್ತು. ಸ್ವರಾಜ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಹೊಸಪೇಟೆ ಕಡೆ ದೊಡ್ಡ ಅಣೆಕಟ್ಟು ಏಳುತ್ತಿತ್ತು, ಅದರ ನೀರು ಇನ್ನೂ ಬಂದಿರಲಿಲ್ಲ. ಸಿರುಗುಪ್ಪದವರು ನೆಲ್ಲು ಬೆಳೆಯುತ್ತಿದ್ದದ್ದು ರಾಯರ ಕಾಲದ ಕಾಲುವೆಯ ನೀರಿನಲ್ಲಿ. ನಾಟಿ ಹಚ್ಚುವವರು ಹೆಂಗಸರು. ಹತ್ತು ಹನ್ನೆರಡು ಮಂದಿಯ ಒಂದು ಗುಂಪು, ಅದಕ್ಕೆ ಮುಂದಾಳು ಗಂಗಕ್ಕ. ಗಂಗಕ್ಕ ಅಂದರೆ ಬಾಯಿ ತೆರೆದರೆ ಕಾಲುವೆಯ ತೂಬು ತೆರೆದಂತೆ. ಆದರೆ ಅವಳು ನಟ್ಟ ಸಾಲು ದಾರ ಹಿಡಿದು ಎಳೆದಂತಿರುತ್ತಿತ್ತು.

ಆ ಗುಂಪಿನಲ್ಲಿ ಪಾರಮ್ಮ ಅಂತ ಒಬ್ಬಳು. ಗಂಡ ಓಬಳೇಶ ಬಾಡಿಗೆ ಬಂಡಿ ಹೊಡೆಯುವವನು, ಆದೋನಿ ಕಡೆ ಹೋದನೆಂದರೆ ವಾರಗಟ್ಟಲೆ ಮುಖ ತೋರಿಸುವವನಲ್ಲ. ಪಾರಮ್ಮನ ತವರು ಕುರುಗೋಡು. ಒಣಭೂಮಿಯ ಹುಡುಗಿ ಮದುವೆಯಾಗಿ ಕೆಸರಿಗೆ ಬಂದು, ಕೆಸರಿನ ಕೆಲಸ ಕಲಿತವಳು. ಅವಳ ಬಲ ಕೈಯಲ್ಲಿರಲಿಲ್ಲ, ಗಂಟಲಲ್ಲಿತ್ತು. ನಾಟಿಯಲ್ಲಿ ಹಾಡಿನ ಸೊಲ್ಲು ಎತ್ತುವವಳು ಅವಳೇ. ಅವಳು ಎತ್ತಿದರೆ ಉಳಿದವರು ಹಿಡಿಯುವರು. ಸೊಲ್ಲು ಇಳಿದಲ್ಲಿ ಎಲ್ಲರ ಕೈಯೂ ಒಟ್ಟಿಗೆ ಕೆಸರಿಗೆ ಇಳಿಯುವುದು. ಅದಕ್ಕಾಗಿ ಅವಳಿಗೆ ಹಿಡಿ ನೆಲ್ಲು ಹೆಚ್ಚಿಗೆ ಕೊಟ್ಟವರಿಲ್ಲ, ಅವಳು ಕೇಳಿದವಳೂ ಅಲ್ಲ.

ಕೂಲಿ ಆಗ ದಿನಕ್ಕಿಷ್ಟು ಅಂತ ನೆಲ್ಲಿನಲ್ಲಿ. ಮಧ್ಯಾಹ್ನ ಅಂಬಲಿ, ಸಂಜೆ ಸೆರಗಿಗೆ ನೆಲ್ಲು. ಬೇಗ ಬೇಗ ನಟ್ಟರೂ ಅಷ್ಟೆ, ನಡು ನೀವಿಕೊಂಡು ನಟ್ಟರೂ ಅಷ್ಟೆ. ಸೆರಗಿಗೆ ನೆಲ್ಲು ಬಿದ್ದ ಮೇಲೆ ಕತ್ತಲಾಗುವವರೆಗೆ ಒಂದಿಷ್ಟು ಬೆಳಕು ಉಳಿಯುತ್ತದಲ್ಲ, ಅದು ಯಾರ ಬಾಬತ್ತೂ ಅಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗುಂಪಿನ ಯಾರದ್ದಾದರೂ ತುಂಡು ಮಡಿ ಇದ್ದರೆ ಎಲ್ಲರೂ ಅದಕ್ಕಿಳಿದು, ನಾಲ್ಕು ಸಾಲು ಹಚ್ಚಿ, ಕಾಲು ತೊಳೆದುಕೊಂಡು ಹೋಗುವರು. ಅದಕ್ಕೆ ಸಂಜೆಗೈ ಅನ್ನುತ್ತಿದ್ದರು. ಭೂಮಿ ಇಲ್ಲದವಳೂ ಇಳಿಯುತ್ತಿದ್ದಳು. ನಿನಗೆ ನಾನು ಬಂದೆ, ನನಗೆ ನೀನು ಬಾ ಅನ್ನುವ ಮುಯ್ಯಿ ಬೇರೆ. ಸಂಜೆಗೈಗೆ ಮುಯ್ಯಿ ಇಲ್ಲ, ಲೆಕ್ಕ ಇಲ್ಲ, ಕರೆಯುವುದೂ ಇಲ್ಲ. ಈಗಿನ ನಿಮಗೆ ಇದು ಅರ್ಥವಾಗುವುದಿಲ್ಲ ಬಿಡಿ. ಪಕ್ಕದ ಮನೆಯವನ ಬೈಕು ನೂಕಿಕೊಟ್ಟರೂ ಅದರ ಫೋಟೋ ಹಾಕುವ ಜನ ನೀವು.

ಆ ವರ್ಷ ಬಳ್ಳಾರಿಯಿಂದ ಚಿದಾನಂದಪ್ಪ ಬಂದ. ಬಳ್ಳಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಗಿರಣಿಯ ಸಾಹುಕಾರ. ಕಾಲುವೆಯ ಕೆಳಗೆ ದೊಡ್ಡ ಹೊಲವೊಂದನ್ನು ಗುತ್ತಿಗೆಗೆ ಹಿಡಿದಿದ್ದ. ಮೊದಲ ದಿನವೇ ಬದುವಿನ ಮೇಲೆ ಕೊಡೆ ಬಿಚ್ಚಿ ನಿಂತು ಕೇಳಿದ:

“ಏನಮ್ಮಾ ಗಂಗಮ್ಮ, ಸೂರ್ಯ ಮುಳುಗಿದ್ರ ನಿಮಗ ನೆಲ್ಲು ಕೊಡಬೇಕಂತಲ್ಲ. ಸೂರ್ಯ ಏನು ನನ್ನ ಹೊಲದಾಗ ನಾಟಿ ಹಚ್ತಾನೇನು?”

“ಸೂರ್ಯ ಹಚ್ಚಂಗಿಲ್ರಿ ಸಾವ್ಕಾರ್ರ, ಅವನ ಕೆಳಗ ನಾವು ಹಚ್ತೀವಿ,” ಅಂದಳು ಗಂಗಕ್ಕ. “ಕೊಡಿ ಹಿಡ್ಕಂಡು ನಿಂತೋರಿಗೆ ಅವನು ಕಾಣಂಗಿಲ್ಲ ಬಿಡ್ರಿ.”

ಹೆಂಗಸರು ನಕ್ಕರು. ಅವನೂ ನಕ್ಕ. ಸಾಹುಕಾರ ನಕ್ಕನೆಂದರೆ ಹುಷಾರಾಗಿರಬೇಕು. ಮರುದಿನವೇ ಗಂಗಕ್ಕನನ್ನೂ ಪಾರಮ್ಮನನ್ನೂ ತನ್ನ ಲಾರಿಯಲ್ಲಿ ಹತ್ತಿಸಿಕೊಂಡು ಬಳ್ಳಾರಿಗೆ ಹೋದ, ತನ್ನ ಜಿನ್ನಿನ ಹೆಂಗಸರು ಹೇಗೆ ದುಡಿಯುತ್ತಾರೆ ತೋರಿಸುತ್ತೇನೆ ಅಂತ.

ಅಲ್ಲಿ ಹತ್ತಿ ಹಸನು ಮಾಡುವ ಹೆಂಗಸರಿಗೆ ಕೂಲಿ ತೂಕದ ಮೇಲೆ. ಬುಟ್ಟಿ ತುಂಬಿ, ತಕ್ಕಡಿಗೆ ಒಯ್ದು, ತೂಕ ಬರೆಸಬೇಕು. ಗಂಗಕ್ಕ ಅಲ್ಲಿನವರ ಸೀರೆ ನೋಡಿದಳು, ಕಿವಿ ನೋಡಿದಳು, ಒಬ್ಬಳ ಮೂಗಿನ ನತ್ತು ಕಂಡು ಬಾಯಿ ಬಿಟ್ಟಳು. ಪಾರಮ್ಮ ನೋಡಿದ್ದೇ ಬೇರೆ. ಒಬ್ಬ ಬಸುರಿ ತುಂಬಿದ ಬುಟ್ಟಿಯನ್ನು ತಲೆಗೇರಿಸಿಕೊಳ್ಳಲಾಗದೆ ನೆಲದ ಮೇಲೆ ದರದರ ಎಳೆದುಕೊಂಡು ಹೋಗುತ್ತಿದ್ದಳು. ಅಕ್ಕಪಕ್ಕ ಹೆಂಗಸರು ತುಂಬಿಕೊಂಡಿದ್ದರು, ಒಬ್ಬಳೂ ಎದ್ದು ಕೈ ಹಚ್ಚಲಿಲ್ಲ. ನಮ್ಮ ಸೀಮೆಯಲ್ಲಿ ದಾರಿಯಲ್ಲಿ ಹೋಗುವ ಗುರುತಿಲ್ಲದವನನ್ನೂ “ಯಣ್ಣಾ, ಒಂಚೂರು ಎತ್ತಿಕೊಡು” ಅಂದರೆ ನಿಂತು ಹೊರೆ ಎತ್ತಿಕೊಟ್ಟು ಹೋಗುತ್ತಾನೆ. ಪಾರಮ್ಮ ತಾನೇ ಹೋಗಿ ಬುಟ್ಟಿ ಎತ್ತಿಕೊಟ್ಟಳು. ಆ ಬಸುರಿ ಹೆದರಿದಂತೆ ನೋಡಿ, “ನಿನಗ ಏನು ಕೊಡಬೇಕಬೇ?” ಅಂದಳು.

ಪಾರಮ್ಮನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಲಾರಿಯಲ್ಲಿ ಬರುವಾಗ ಅದನ್ನು ಹೇಳಿದರೆ ಗಂಗಕ್ಕ ನತ್ತಿನ ವಿಷಯ ಬಿಟ್ಟು ಬೇರೆ ಮಾತೇ ಆಡಲಿಲ್ಲ.

ಹಾಗೆ ಗುತ್ತ ಬಂತು. ಎಕರೆಗೆ ಇಷ್ಟು ಅಂತ ರೊಕ್ಕ. ಒಂದು ಎಕರೆ ಬೇಗ ಮುಗಿಸಿದರೆ ಇನ್ನೊಂದಕ್ಕೆ ಕೈ ಹಾಕಬಹುದು, ಬೆಳಕಿರುವವರೆಗೂ. ಹೆಂಗಸರು ಅಂಬಲಿಯನ್ನು ನಿಂತೇ ಕುಡಿಯತೊಡಗಿದರು. ಮಗುವಿಗೆ ಹಾಲು ಕೊಡಲು ಬದುವಿಗೆ ಹೋದವಳನ್ನು ಉಳಿದವರು ಕಣ್ಣಲ್ಲೇ ಸುಟ್ಟರು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಜಡೆಮ್ಮ, ನಾಲಿಗೆ ಮಾತ್ರ ಎಲ್ಲರಿಗಿಂತ ಉದ್ದ. ಅವಳು, “ಪಾರಕ್ಕ, ಆ ಉದ್ದನ ಹಾಡು ಬ್ಯಾಡ, ಗಿಡ್ಡಂದು ಎತ್ತು, ಕೈ ಲಗೂ ಲಗೂ ಓಡ್ತಾವ” ಅಂದಳು. ಪಾರಮ್ಮ ಗಿಡ್ಡದ್ದನ್ನೇ ಎತ್ತಿದಳು. ರೊಕ್ಕ ಅವಳಿಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಪಾರಮ್ಮನದ್ದೊಂದು ತುಂಡು ಮಡಿ ಇತ್ತು, ಅತ್ತೆಯಿಂದ ಬಂದದ್ದು. ಕಾಲುವೆಯ ಕಡೆಯ ತುದಿಯಲ್ಲಿ, ಚಿದಾನಂದಪ್ಪನ ಹೊಲಕ್ಕೆ ತಾಗಿಕೊಂಡೇ. ವರ್ಷದ ಅನ್ನ ಅದರಲ್ಲೇ. ತುದಿಯ ಮಡಿಗೆ ನೀರು ಬಂದಿತ್ತು. ಬೆಳಗಿನ ಜಾವ ಎದ್ದು ಸಸಿ ಕಿತ್ತು, ಕಟ್ಟು ಕಟ್ಟಿ, ನೀರಿನಲ್ಲಿ ನಿಲ್ಲಿಸಿ ಕೆಲಸಕ್ಕೆ ಬಂದಿದ್ದಳು. ಕಿತ್ತ ಸಸಿ ಹೆಚ್ಚು ದಿನ ಕಾಯುವುದಿಲ್ಲ. ಬೇರು ಕೊಳೆತು ನಾರುತ್ತದೆ. ಬೇರೆ ಸಸಿ ಅವಳಲ್ಲಿರಲಿಲ್ಲ. ಒಬ್ಬಳೇ ನಟ್ಟು ಮುಗಿಸುವಷ್ಟರಲ್ಲಿ ಅರ್ಧ ಗೊಬ್ಬರವಾಗುತ್ತಿತ್ತು. ಆದರೆ ಸಂಜೆಗೈ ಇದೆಯಲ್ಲ ಅಂತ ಅವಳ ಧೈರ್ಯ.

ಸಂಜೆ ಅವಳು ಸೀದಾ ತನ್ನ ಮಡಿಗೆ ಇಳಿದಳು. ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ. ಎಲ್ಲರೂ ಸಾಹುಕಾರನ ಮುಂದಿನ ಎಕರೆಯಲ್ಲಿ ಬಗ್ಗಿದ್ದಾರೆ. ಹುಟ್ಟಿದಾರಭ್ಯ ಸಂಜೆಗೈಗೆ ಯಾರೂ ಯಾರನ್ನೂ ಕರೆದಿರಲಿಲ್ಲ. ಅವಳು ಕರೆದಳು.

“ಯಕ್ಕಾ, ಸಸಿ ಕಿತ್ತೀನಿ. ಬರ್ರಿ.”

ಗಂಗಕ್ಕ ನಡು ಎತ್ತದೆಯೇ ಅಂದಳು: “ಈ ಬೆಳಕಿನ್ಯಾಗ ಇನ್ನ ಕಾಲು ಎಕರೆ ಆಕ್ಕೈತಿ ಪಾರಿ. ಇದನ್ನ ಬಿಟ್ಟು ನಿನ್ನ ಮಡಿಗೆ ಬಂದ್ರ, ಅಷ್ಟು ರೊಕ್ಕ ನಿನ್ನ ಕೈಯಾಗ ಇಟ್ಟಂಗ.”

“ಹೋದ ವರ್ಷ ಬಂದಿದ್ರಲ್ಲ. ಆಗೇನು ನನಗ ರೊಕ್ಕ ಇಟ್ಟಿದ್ರೇನು?”

“ಹೋದ ವರ್ಷ ಸಂಜಿಗೆ ಧಾರಣಿ ಇರಲಿಲ್ಲ. ಈಗ ಐತಿ.”

ಜಡೆಮ್ಮ ಅಲ್ಲಿಂದಲೇ ಕೂಗಿದಳು: “ಸಾವ್ಕಾರ ಕೊಟ್ಟಷ್ಟು ನೀನೂ ಕೊಡು ಪಾರಕ್ಕ, ಓಡಿ ಬರ್ತೀವಿ! ಇಲ್ಲಂದ್ರ ನಿನ್ನ ಗಂಡನ್ನ ಕರಿ, ಎತ್ತು ಹೊಡದಂಗ ನಾಟಿನೂ ಹೊಡೀತಾನ!”

“ನನ್ನ ಗಂಡನ ಸುದ್ದಿ ಬ್ಯಾಡ ಜಡಿ. ನಿನ್ನ ಬಾಣಂತನದಾಗ ನಿನ್ನ ಹೇಸಿಗಿ ಅರಿವಿ ಒಗದಾಕಿ ನಾನು. ಆಗ ನೀ ಯಾವ ಧಾರಣಿ ಕೊಟ್ಟಿ?”

ಯಾರೂ ಬರಲಿಲ್ಲ. ಕೈಗಳು ಇನ್ನೂ ಜೋರಾಗಿ ಓಡಿದವು, ಅಷ್ಟೆ. ಅವರೇನು ಕೆಟ್ಟ ಹೆಂಗಸರಲ್ಲ. ಅದೇ ಕೈ, ಅದೇ ಬೆಳಕು. ಬೆಳಕಿಗೆ ಬೆಲೆ ಕಟ್ಟಿದ್ದ ಒಬ್ಬ, ಅದನ್ನು ಪುಕ್ಕಟೆ ಕೊಡುವುದೆಂದರೆ ಈಗ ಕಳೆದುಕೊಂಡಂತೆ ಕಾಣುತ್ತಿತ್ತು.

ಮರುದಿನ ಪಾರಮ್ಮ ಗುಂಪಿಗೆ ಬಂದಳು, ಸಾಲಿಗೆ ನಿಂತಳು, ಬಾಯಿ ಮಾತ್ರ ಬಿಡಲಿಲ್ಲ. ಸೊಲ್ಲಿಲ್ಲದ ನಾಟಿ ನೋಡಿದ್ದೀರಾ? ಒಬ್ಬಳು ಮುಂದೆ, ಒಬ್ಬಳು ಹಿಂದೆ, ಒಬ್ಬಳ ಅಂಡು ಇನ್ನೊಬ್ಬಳ ಮುಖಕ್ಕೆ. ಗಂಗಕ್ಕ ತಾನೇ ಒಂದು ಸೊಲ್ಲು ಎತ್ತಿದಳು. ಬದುವಿನ ಮೇಲಿದ್ದ ಕೊಕ್ಕರೆಗಳು ಎದ್ದು ಹೋದವು. ಮಧ್ಯಾಹ್ನದ ಹೊತ್ತಿಗೆ ಮುಗಿಯಬೇಕಾದ ಮಡಿ ಅರ್ಧಕ್ಕೇ ನಿಂತಿತ್ತು.

“ಹಾಡಲೇ ಪಾರಿ,” ಅಂದಳು ಗಂಗಕ್ಕ. “ನಿನ್ನ ಸಿಟ್ಟು ನಮ್ಮ ಹೊಟ್ಟಿ ಮ್ಯಾಲೆ ಹೊಡೀತೈತಿ.”

“ಯಾಕ ಹಾಡಲಿ?”

“ಹಾಡಿಗೆ ಒಂದು ಪಾಲು ಹೆಚ್ಚಿಗಿ ತಗೋ. ಎಲ್ಲಾರೂ ಒಪ್ಯಾರ.”

ಸಸಿಯ ಮಾತೇ ಇಲ್ಲ. ಪಾರಮ್ಮ ಸುತ್ತ ನೋಡಿದಳು. ಎಲ್ಲರೂ ತಲೆಯಾಡಿಸುತ್ತಿದ್ದರು, ದೊಡ್ಡ ಉಪಕಾರ ಮಾಡುವವರಂತೆ. ಬಳ್ಳಾರಿಯ ಆ ಬಸುರಿಯ ಮುಖವೇ ಎಲ್ಲರ ಕತ್ತಿನ ಮೇಲೂ ಕೂತಂತೆ ಅವಳಿಗೆ ಕಂಡಿತು. ಕೈಯಲ್ಲಿದ್ದ ಸಸಿಯ ಕಟ್ಟನ್ನು ಗಂಗಕ್ಕನ ಕಾಲ ಬಳಿ ಕೆಸರಿಗೆ ಬಡಿದಳು. ಕೆಸರು ಗಂಗಕ್ಕನ ಮೋರೆಗೆ ಸಿಡಿಯಿತು.

“ನನ್ನ ಗಂಟಲಾ ನೀವು ಯಾವತ್ತೋ ಕೊಂಡ್ಕಂಡಿದ್ರಿ, ಸಂಜಿಗೈಗೆ ಹೆಗಲು ಕೊಟ್ಟು. ಈಗ ರೊಕ್ಕ ಕೊಡಾಕ ಬಂದೀರಿ. ಇಟ್ಕೊಳ್ರಿ.”

ಅಲ್ಲಿಂದಲೇ ಕುರುಗೋಡಿನ ದಾರಿ ಹಿಡಿದಳು. ಸಿಕ್ಕ ಬಸ್ಸು, ಸಿಕ್ಕ ಬಂಡಿ, ಉಳಿದದ್ದು ಕಾಲು. ದೀಪ ಹಚ್ಚುವ ಹೊತ್ತಿಗೆ ಅಕ್ಕ ಕೊಟ್ರಬಸಮ್ಮನ ಬಾಗಿಲಲ್ಲಿದ್ದಳು.

ಕೊಟ್ರಬಸಮ್ಮ ಗೌಡರ ಮನೆಯ ಒಣಹೊಲದಲ್ಲಿ ವರ್ಷದ ಆಳು. ಸುಗ್ಗಿಯಲ್ಲಿ ಇಂತಿಷ್ಟು ಜೋಳ, ಹಬ್ಬಕ್ಕೆ ಒಂದು ಸೀರೆ. ತಂಗಿಯ ಮಾತನ್ನೆಲ್ಲ ಕೇಳಿ, “ನೀ ಹಡದ ಬ್ಯಾನಿ ಬಂದಂಗ ಅಳಬ್ಯಾಡ, ಬೆಳಗ್ಗೆ ಬರ್ತೀವಿ” ಅಂದಳು.

“ಗೌಡ್ರು?”

“ಗೌಡ್ರು ಬೈತಾರ. ಹೋಗ್ಲಿಲ್ಲಂದ್ರೂ ಬೈತಾರ. ಒಂದಿನ ಬಿಟ್ರ ಸುಗ್ಗ್ಯಾಗಿನ ಜ್ವಾಳ ಏನು ಉದುರಿ ಹೋಕ್ಕೈತೇನು?”

ನೋಡಿ, ಆಕೆಯೇನು ಧರ್ಮದೇವತೆಯಲ್ಲ. ನೆರೆಮನೆಯ ಕೋಳಿ ಅಂಗಳಕ್ಕೆ ಬಂದರೆ ಕಾಲು ಮುರಿಯುವ ಹೆಂಗಸು. ಆದರೆ ಅವಳ ಒಂದು ದಿನಕ್ಕೆ ಯಾರೂ ಧಾರಣೆ ಕಟ್ಟಿರಲಿಲ್ಲ, ಆದ್ದರಿಂದ ಅದನ್ನು ಕೊಡಲು ಅವಳು ಲೆಕ್ಕ ಹಾಕಲಿಲ್ಲ. ಊರು ಉಂಡು ಮಲಗುವಷ್ಟರಲ್ಲಿ ಓಣಿಯ ನಾಲ್ಕೈದು ಹೆಂಗಸರನ್ನು ಬಂಡಿಗೆ ತುಂಬಿ ಹೊರಡಿಸಿದಳು.

ಸಿರುಗುಪ್ಪ ಮುಟ್ಟಿದಾಗ ಬಿಸಿಲು ಏರಿತ್ತು. ಸಸಿಯ ತುದಿ ಹಳದಿಗೆ ತಿರುಗುತ್ತಿತ್ತು. ಆದರೆ ಕುರುಗೋಡಿನವರು ಹುಟ್ಟಿದ ಮೇಲೆ ನೆಲ್ಲು ನಟ್ಟವರಲ್ಲ. ಅವರಿಗೆ ಗೊತ್ತಿದ್ದದ್ದು ಮೆಣಸಿನ ಸಸಿ. ಮೆಣಸಿನ ಸಸಿ ಊರಿದರೆ ಸುತ್ತ ಮಣ್ಣು ಏರಿಸಿ ಹಿಮ್ಮಡಿಯಿಂದ ಒತ್ತಬೇಕು. ಅವರು ಇಲ್ಲಿಯೂ ಅದನ್ನೇ ಮಾಡಿದರು. ನೆಲ್ಲಿನ ಸಸಿಯನ್ನು ಮೊಣಕೈವರೆಗೆ ಊರಿ, ಪಕ್ಕದಲ್ಲಿ ಹಿಮ್ಮಡಿಯಿಂದ ಒತ್ತಿದರು. ಒತ್ತಿದ ಕಾಲು ತೊಡೆಯವರೆಗೆ ಇಳಿಯಿತು. ಒಬ್ಬಳನ್ನು ಎಳೆಯಲು ಹೋಗಿ ಇಬ್ಬರು ಬಿದ್ದರು. ಒಂದು ಸಸಿಗೂ ಇನ್ನೊಂದಕ್ಕೂ ನಡುವೆ ಎಮ್ಮೆ ಮಲಗುವಷ್ಟು ಜಾಗ.

“ಹಂಗಲ್ಲಕ್ಕ, ಮ್ಯಾಲೆ ಮ್ಯಾಲೆ ಊರು,” ಅಂತ ಪಾರಮ್ಮ ಕೂಗಿ ಕೂಗಿ ಸಾಕಾದಳು.

“ಮ್ಯಾಲೆ ಊರಿದ್ರ ಗಾಳಿಗೆ ಹಾರಿ ಹೋಕ್ಕೈತಿ, ನೀ ಸುಮ್ಕಿರು,” ಅಂದಳು ಕೊಟ್ರಬಸಮ್ಮ, ಕೆಸರಲ್ಲಿ ನಡುವರೆಗೆ ಹೂತುಕೊಂಡೇ.

ಬದುವಿನ ಆಚೆ ಗಂಗಕ್ಕನ ಗುಂಪು ನಡು ನೆಟ್ಟಗೆ ಮಾಡಿ ನಿಂತಿತು. ಮೊದಲು ನಗು. ಜಡೆಮ್ಮ ಹೊಟ್ಟೆ ಹಿಡಿದುಕೊಂಡು, “ಏ, ಕುರುಗೋಡಿನ ಅಮ್ಮಗೋಳು ನೆಲ್ಲಿಗೆ ಸಮಾಧಿ ಕಟ್ಟಾಕ ಹತ್ಯಾರ ನೋಡ್ರೆಲೇ!” ಅಂದಳು. ಕೊಟ್ರಬಸಮ್ಮ ಒಂದು ಹಿಡಿ ಕೆಸರು ಬೀಸಿ ಒಗೆದಳು, ಅದು ಜಡೆಮ್ಮನ ತುರುಬಿಗೆ ಬಿತ್ತು. ಗಂಗಕ್ಕ ಮಾತ್ರ ನಗಲಿಲ್ಲ. ಆ ಸಾಲುಗಳನ್ನು ನೋಡುತ್ತಾ ನೋಡುತ್ತಾ ಅವಳ ಮುಖ ಕೆಂಡವಾಯಿತು. ಕೊಳೆ ಕಂಡ ಕಡೆ ಪೊರಕೆ ಹುಡುಕುವ ಹೆಂಗಸರಿರುತ್ತಾರಲ್ಲ, ಹಾಗೆ.

“ಥೂ! ನೋಡಾಕ ಆಗವಲ್ದು!” ಅಂತ ಬದು ದಾಟಿ ಪಾರಮ್ಮನ ಮಡಿಗೆ ಹಾರಿದಳು. “ಬಿಡ್ರಿ ಅತ್ಲಾಗ! ಇದೇನು ಬೆಳಿ ಹಚ್ಚೀರೋ, ಹೆಣ ಹೂಳಾಕ ಹತ್ತೀರೋ?”

“ನಿನ್ನ ಯಾರು ಕರದ್ರು?” ಅಂದಳು ಪಾರಮ್ಮ.

“ಕರದಿದ್ರ ಬರ್ತಿರಲಿಲ್ಲ!”

ಅವಳ ಹಿಂದೆ ಉಳಿದವರೂ ಇಳಿದರು, ಬೈಯುತ್ತಲೇ. ಬೈಗುಳವೇ ಅವತ್ತಿನ ಸೊಲ್ಲು. ಗಂಗಕ್ಕ ಕುರುಗೋಡನ್ನು ಬೈದರೆ ಕೈಗಳು ಇಳಿಯುವವು, ಕೊಟ್ರಬಸಮ್ಮ ಸಿರುಗುಪ್ಪವನ್ನು ಬೈದರೆ ಕೈಗಳು ಏಳುವವು. ಬದುವಿನ ಮೇಲೆ ಚಿದಾನಂದಪ್ಪ ಕೊಡೆ ಮಡಚಿ ಕೂಗುತ್ತಿದ್ದ:

“ಗಂಗಮ್ಮಾ! ಇವತ್ತು ಮುಗೀಲಿಲ್ಲಂದ್ರ ಗುತ್ತದ ರೊಕ್ಕದಾಗ ಹಿಡೀತೀನಿ! ಹೇಳಿಲ್ಲ ಅನ್ನಬ್ಯಾಡ!”

“ಹಿಡಕಳ್ರಿ! ನನ್ನ ಕಣ್ಣ ಮುಂದ ಇಂಥಾ ನಾಟಿ ಆದ್ರ ನಾ ಉಣ್ಣಾಕ ಕುಂದ್ರಬೇಕೇನು?”

ಬೆಳಕು ಸಾಯುವ ಮೊದಲು ಮಡಿ ಮುಗಿಯಿತು. ಕಾಲುವೆ ಕಡೆಯ ಪಾಲು ಗಂಗಕ್ಕನವರದ್ದು, ದಾರ ಹಿಡಿದಂತೆ ನೆಟ್ಟಗೆ. ಈಚೆ ಪಾಲು ಕುರುಗೋಡಿನದ್ದು, ಕುಡಿದವನು ನಡೆದಂತೆ. ಗಂಗಕ್ಕ ಕಾಲು ತೊಳೆದುಕೊಂಡು, ತಿರುಗಿ ನೋಡದೆ ಹೋದಳು. ಪಾರಮ್ಮ ಬದುವಿನ ಮೇಲೆ ಕೂತು ಅತ್ತಳು. ಸಂಜೆಗೈ ಸತ್ತಿಲ್ಲ ಅಂದುಕೊಂಡಳು, ಹುಚ್ಚಿ. ನೀವೂ ಹಾಗೇ ಅಂದುಕೊಂಡಿರಿ, ಅಲ್ಲವೇ? ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಹೊತ್ತು ಗಂಟಲು ಹರಿದುಕೊಳ್ಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕುರುಗೋಡಿನವರು ಬಂಡಿ ಹತ್ತುವ ಹೊತ್ತಿಗೆ ಗಂಗಕ್ಕ ಪಾರಮ್ಮನ ಬಾಗಿಲಿಗೆ ಬಂದಳು. ಹಿಂದೆ ಜಡೆಮ್ಮ, ಅವಳ ಹಿಂದೆ ಇಡೀ ಗುಂಪು.

“ಸಾವ್ಕಾರ ಗುತ್ತದಾಗ ಹಿಡದಾನ. ಅದನ್ನ ನೀನು ತುಂಬಿಕೊಡಬೇಕು.”

ಪಾರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. “ನಾನ್ಯಾಕ? ನೀವಾಗಿ ಇಳದ್ರಿ.”

“ನಿನ್ನಿ ಸಿಟ್ಟಿನ್ಯಾಗ ಇಳದಿವಿ. ರಾತ್ರಿ ಲೆಕ್ಕ ಹಾಕಿವಿ.”

“ಬಾಕಿ ಇದ್ರೂ ನಡೀತೈತಿ ಪಾರಕ್ಕ,” ಅಂದಳು ಜಡೆಮ್ಮ. “ಸುಗ್ಗ್ಯಾಗ ನೆಲ್ಲು ಅಳದು ಕೊಡು. ನಾವೇನು ಕಟುಕರಲ್ಲ.”

ಪಾರಮ್ಮ ಅವರಲ್ಲಿ ಒಬ್ಬೊಬ್ಬರನ್ನೇ ನೋಡಿದಳು. ಕೊಟ್ರಬಸಮ್ಮ ಬಂಡಿಯಿಂದ ಇಳಿಯಲು ಹೊರಟರೆ ಅವಳನ್ನು ಕೈಯಲ್ಲೇ ತಡೆದಳು. ಸೀರೆ ಮೇಲಕ್ಕೆ ಕಟ್ಟಿ, ಸೀದಾ ಮಡಿಗೆ ನಡೆದಳು. ಇವರೂ ಹಿಂದೆಯೇ ಹೋದರು, ಏನೋ ರೊಕ್ಕ ಹೂತಿಟ್ಟಿರಬೇಕು ಅಂತ.

ಅವಳು ಕಾಲುವೆ ಕಡೆಯ ಪಾಲಿಗೆ ಇಳಿದು, ನೆಟ್ಟಗಿನ ಸಾಲಿನ ಮೊದಲ ಸಸಿ ಹಿಡಿದು ಕಿತ್ತಳು. ಎರಡನೆಯದನ್ನು ಕಿತ್ತಳು. ಎರಡೂ ಕೈಯಲ್ಲಿ ಕೀಳತೊಡಗಿದಳು.

“ಏ! ಏ ಪಾರಿ! ತಲಿ ಕೆಟ್ಟೈತೇನಲೇ!” ಗಂಗಕ್ಕ ಬದುವಿನ ಮೇಲೆ ಕುಣಿದಾಡಿದಳು. “ಅನ್ನ ಕೀಳಾಕ ಹತ್ತೀಯಲ್ಲ! ಬಿಡಲೇ!”

“ನನ್ನ ಅನ್ನ ಆ ಕಡಿ ಐತಿ, ಸೊಟ್ಟಂದು. ಇದು ನಿಮ್ಮದು.”

“ಬ್ಯಾಡವೇ, ರೊಕ್ಕ ಬ್ಯಾಡ! ಬಿಟ್ಟೀವಿ ತಗೋ!”

“ಈಗ ಬಿಟ್ರೂ ನೀವು ಕೊಟ್ಟಂಗ ಆಕ್ಕೈತಿ. ಆ ಋಣ ನಾ ಹೊರಂಗಿಲ್ಲ.”

ಕೈ ಹಿಡಿಯಲು ಬಂದ ಜಡೆಮ್ಮನನ್ನು ಒಂದೇ ಒದೆತಕ್ಕೆ ಕೆಸರಲ್ಲಿ ಕೂರಿಸಿದಳು. ಕಿತ್ತದ್ದನ್ನೆಲ್ಲ ಕಟ್ಟು ಕಟ್ಟಿ ತಲೆಗೆ ಹೊತ್ತು, ನೀರು ಸೋರಿಸುತ್ತಾ ಊರ ನಡುವೆ ನಡೆದು ಗಂಗಕ್ಕನ ಕಟ್ಟೆಯ ಮೇಲೆ ರಾಶಿ ಹಾಕಿದಳು. ಆ ಹೊರೆಯನ್ನು ಎತ್ತಿಕೊಡು ಅಂತ ಯಾರನ್ನೂ ಕೇಳಲಿಲ್ಲ.

“ನಿಮ್ಮ ಕೆಲಸ ನಿಮಗ ಮುಟ್ಟೈತಿ. ಎಣಿಸ್ಕಳ್ರಿ.”

ಆ ಸಸಿ ಅಲ್ಲೇ ಒಣಗಿತು. ಗಂಗಕ್ಕ ಅದನ್ನು ಎಮ್ಮೆಗೂ ಹಾಕಲಿಲ್ಲ, ಬಿಸಾಡಲೂ ಇಲ್ಲ, ವಾರಗಟ್ಟಲೆ ದಾಟಿಕೊಂಡು ಓಡಾಡಿದಳು. ಪಾರಮ್ಮನ ಮಡಿಯ ಅರ್ಧ ಆ ವರ್ಷ ಕಪ್ಪಗೆ ಬೋಳಾಗಿ ಬಿದ್ದಿತ್ತು. ಇನ್ನರ್ಧದಲ್ಲಿ ಕುರುಗೋಡಿನವರ ಸೊಟ್ಟ ನಾಟಿ, ಆಳ ಊರಿದ್ದಕ್ಕೆ ತಡವಾಗಿ, ಬುಡದಲ್ಲಿ ಮರಿ ತೆಂಡೆ ಒಡೆಯದೆ, ಬಡಕಲಾಗಿ ಎದ್ದು ನಿಂತಿತು. ಬಂದದ್ದು ಅರೆಹೊಟ್ಟೆಗಾಯಿತು. ಓಬಳೇಶ ಬಂದು ನೋಡಿ ಹೆಂಡತಿಯನ್ನು ಬೈದ, ಅವಳು ತಿರುಗಿ ಬೈದಳು, ಅವನು ಬಂಡಿ ಹೂಡಿಕೊಂಡು ಆದೋನಿಗೆ ಹೋದ. ಪಾರಮ್ಮ ಮತ್ತೆ ಆ ಗುಂಪಿಗೆ ಹೋಗಲಿಲ್ಲ, ಸಿರುಗುಪ್ಪದ ಯಾವ ಹೊಲದಲ್ಲೂ ಸೊಲ್ಲು ಎತ್ತಲಿಲ್ಲ. ಚಿದಾನಂದಪ್ಪ ಮಾತ್ರ ಮುಂದಿನ ವರ್ಷ ಗುತ್ತವನ್ನು ಒಂದಿಷ್ಟು ಇಳಿಸಿದ. ಒಗ್ಗಟ್ಟಾಗಿ ಬೇಡ ಅನ್ನಲು ಅಲ್ಲಿ ಗುಂಪೇ ಉಳಿದಿರಲಿಲ್ಲ.

ಅನ್ನ ಕಿತ್ತವಳದ್ದು ತಪ್ಪೋ, ಲೆಕ್ಕ ತಂದವರದ್ದೋ ಅಂತ ನನ್ನನ್ನು ಕೇಳಬೇಡಿ, ನಿಮ್ಮ ನಿಮ್ಮಲ್ಲೇ ಹೊಡೆದಾಡಿಕೊಳ್ಳಿ. ಆದರೆ ಇದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ. ಯಾರಿಗಾದರೂ ಹೇಳಿ. ಹೇಳುವಾಗ ಗಂಗಕ್ಕನ ಬೈಗುಳ ಬಿಟ್ಟು, ಕೊನೆಗೆ ಇಬ್ಬರನ್ನೂ ತಬ್ಬಿಸಿ, ಬೆಲ್ಲ ಹಚ್ಚಿ ಹೇಳೀರಿ, ಜೋಕೆ. ಅವರು ಸಾಯುವವರೆಗೂ ಮಾತಾಡಲಿಲ್ಲ. ಹಾಗೇ ಹೇಳಿ.